ವೃದ್ಧಾಪ್ಯದಲ್ಲಿ ಕಚ್ಚುವ ಬಲ: ಸ್ತ್ರೀಯರ ದೇಹ–ಮನಸ್ಸುಗಳೊಡನೆ ಅದರ ಸಂಬಂಧ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಮ್ಮ ಜನ ಸಾಮಾನ್ಯವಾಗಿ ಅನುಕೂಲವೂ ಅನುಭವಿಸುವ ಶಕ್ತಿಯೂ ಒಟ್ಟಿಗೆ ಕೂಡಿಬಾರದ ಸಂದರ್ಭದಲ್ಲಿ ಬಳಸುತ್ತಾರೆ. ಅದರ ವಾಚ್ಯಾರ್ಥದ ಕಡೆಗೆ ಯಾರೂ ಅಷ್ಟಾಗಿ ಗಮನ ಕೊಡುವುದಿಲ್ಲ. ಪಟಾನ್‌ಚೆರುವಿನಲ್ಲಿ ವಾಸಿಸುವವರಿಗಾದರೂ ಈ ವಾಚ್ಯಾರ್ಥ ಹೊಳೆಯಬೇಕು. ಏಕೆಂದರೆ 1972ರಲ್ಲಿ ಇಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯ ಮುಖ್ಯ ಬೆಳೆಗಳಲ್ಲಿ ಕಡಲೆಯೂ ಒಂದು. ಜೋಳ, ಸಜ್ಜೆ, ತೊಗರಿ, ಶೇಂಗಾಗಳು ಅದರ ಜೊತೆಗಾರರು. ಕಡಲೆಯ ಸಾವಿರಾರು ತಳಿಗಳ ಬೀಜಗಳನ್ನು ಶೀತಲ ಕೋಣೆಗಳಲ್ಲಿ ಜೋಪಾನವಾಗಿ ಕಾಪಾಡಿರುವ ಊರಿದು. ಇದೇ ಊರಿನಲ್ಲಿ, ಬೀದರ, ಕಲಬುರಗಿ, ರಾಯಚೂರುಗಳ ಕಡೆಯಿಂದ ಉದ್ಯೋಗ ನಿಮಿತ್ತ ಬಂದು ನೆಲೆಸಿದ ಕನ್ನಡ ಮನೆಗಳಲ್ಲಿ, ತಟ್ಟೆಯ ಅಂಚಿಗೆ ಕಡಲೆಯನ್ನು ಸರಿಸಿ ಮೆತ್ತನೆಯ ಅನ್ನವನ್ನಷ್ಟೇ ಉಣ್ಣುವ ಅಜ್ಜಿಯರು ಕಡಿಮೆಯಿಲ್ಲ.

ಅಜ್ಜಿ ಕಡಲೆಯನ್ನು ಬಿಟ್ಟರೆ ಮನೆಯವರು ಅದನ್ನು ವಯಸ್ಸಿನ ಸಹಜ ಧರ್ಮವೆಂದು ತಿಳಿಯುತ್ತಾರೆ. ಈಚಿನ ಮೂರು ನಾಲ್ಕು ದಶಕಗಳ ವೈದ್ಯಕೀಯ ಸಂಶೋಧನೆಯು ಇದನ್ನು ಅಷ್ಟು ಹಗುರವಾಗಿ ಕಾಣುವುದಿಲ್ಲ. ಕಚ್ಚುವ ಬಲ ಕುಂದುವುದು ಬಾಯಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಕೈಯ ಹಿಡಿತ, ಕಾಲಿನ ನಡೆ, ನೆನಪಿನ ಶಕ್ತಿ ಇವುಗಳ ಇಳಿಮುಖವನ್ನು ಅದು ಅನೇಕ ವೇಳೆ ಮುಂಚಿತವಾಗಿಯೇ ಸೂಚಿಸುತ್ತದೆ ಎಂಬುದು ಅದರ ಸಾರಾಂಶ. ವೃದ್ಧ ಸ್ತ್ರೀಯರ ವಿಷಯದಲ್ಲಿ ಈ ಸೂಚನೆ ಹೆಚ್ಚು ಮಹತ್ವದ್ದು. ದುರ್ದೈವದಿಂದ ಅತ್ಯಂತ ಸುಲಭವಾಗಿ ಕಣ್ತಪ್ಪಿ ಹೋಗುವುದೂ ಅವರ ವಿಷಯದಲ್ಲಿಯೇ.

ಕಚ್ಚುವ ಬಲವೆಂದರೇನು? ಬೆರಳುಗಳನ್ನು ಎರಡೂ ಕೆನ್ನೆಗಳ ಹಿಂಭಾಗದಲ್ಲಿ, ಕಿವಿಯ ಕೆಳಗೆ ದವಡೆಯ ಮೂಲೆಯ ಮೇಲಿಟ್ಟು ಹಲ್ಲು ಕಚ್ಚಿದರೆ ಅಲ್ಲೊಂದು ಗಟ್ಟಿಯಾದ ಉಬ್ಬು ಬೆರಳಿಗೆ ತಾಗುತ್ತದೆ. ಮ್ಯಾಸೆಟರ್ ಎಂಬ ಸ್ನಾಯು ಅದು. ಕಣತಲೆಯ ಮೇಲೆ ಬೀಸಣಿಗೆಯಂತೆ ಹರಡಿರುವ ಇನ್ನೊಂದು ಸ್ನಾಯುವೂ ದವಡೆಯ ಒಳಬದಿಯ ಮತ್ತೊಂದೂ ಇದಕ್ಕೆ ನೆರವಾಗಿ ಕೆಳದವಡೆಯನ್ನು ಮೇಲಕ್ಕೆಳೆಯುತ್ತವೆ. ಈ ಎಳೆತ ಹಲ್ಲುಗಳ ನಡುವೆ ಎಷ್ಟು ಒತ್ತಡವನ್ನುಂಟುಮಾಡುತ್ತದೆಂಬುದನ್ನು ದಂತವೈದ್ಯರು ಎರಡು ವಿಧವಾಗಿ ಅಳೆಯುತ್ತಾರೆ. ದವಡೆ ಹಲ್ಲುಗಳ ಮಧ್ಯೆ ಸಣ್ಣ ಮಾಪಕವೊಂದನ್ನಿಟ್ಟು ಕಚ್ಚಿಸುವುದು ಒಂದು. ಒತ್ತಡ ಬಿದ್ದಲ್ಲಿ ಬಣ್ಣ ಮೂಡುವ ತೆಳುವಾದ ಹಾಳೆಯನ್ನು ಇಡೀ ದಂತಪಂಕ್ತಿಯಿಂದ ಕಚ್ಚಿಸಿ, ಬಣ್ಣದ ಗಾಢತೆಯಿಂದ ಲೆಕ್ಕ ಹಾಕುವುದು ಇನ್ನೊಂದು. ಫಲಿತಾಂಶವನ್ನು ನ್ಯೂಟನ್ ಎಂಬ ಮಾನದಲ್ಲಿ ಹೇಳುತ್ತಾರೆ. ಹತ್ತು ನ್ಯೂಟನ್ ಎಂದರೆ ಸುಮಾರು ಒಂದು ಕಿಲೋಗ್ರಾಂ ಭಾರವೆಂದು ತಿಳಿದರೆ ಸಾಕು. ಆರೋಗ್ಯವಂತ ತರುಣರಲ್ಲಿ ಇದು 500 ನ್ಯೂಟನ್ನಿನ ಆಸುಪಾಸಿನಲ್ಲಿ, ಅಂದರೆ ಅರ್ಧ ಕ್ವಿಂಟಲ್ ಚೀಲದ ಭಾರದಷ್ಟು ಇರುವುದು ಸಾಮಾನ್ಯ. ಸ್ತ್ರೀಯರಲ್ಲಿ ಪುರುಷರಿಗಿಂತ ಕಡಿಮೆ. ಜಪಾನಿನ ವೃದ್ಧ ದಂತವೈದ್ಯಕೀಯ ಸಂಘವು 2016ರಲ್ಲಿ ಹಾಕಿಕೊಟ್ಟ ಮಾನದಂಡದ ಪ್ರಕಾರ, ಹಾಳೆಯ ಪರೀಕ್ಷೆಯಲ್ಲಿ 200 ನ್ಯೂಟನ್ನಿಗಿಂತ ಕೆಳಗಿಳಿದರೆ ಅದು ಬಾಯಿಯ ಕಾರ್ಯ ಕುಂದಿರುವುದರ ಒಂದು ಲಕ್ಷಣ.

ಇಲ್ಲೊಂದು ಅಂಶವನ್ನು ಒತ್ತಿ ಹೇಳಬೇಕು. ಹಲ್ಲು ಕಟ್ಟಿಸಿಕೊಂಡ ಮಾತ್ರಕ್ಕೆ ಹಿಂದಿನ ಬಲ ಮರಳುವುದಿಲ್ಲ. ಪೂರ್ತಿ ಸೆಟ್ಟು ಧರಿಸಿದವರ ಕಚ್ಚುವ ಬಲ, ಸ್ವಂತ ಹಲ್ಲುಳ್ಳವರ ಬಲದ ಸುಮಾರು ನಾಲ್ಕನೆಯ ಅಥವಾ ಐದನೆಯ ಒಂದು ಭಾಗವಷ್ಟೇ. ಸ್ವಂತ ಹಲ್ಲಿನ ಬೇರಿನ ಸುತ್ತ ಒಂದು ತೆಳುವಾದ ತಂತುಪೊರೆಯಿದೆ. ಕಚ್ಚಿದ ವಸ್ತು ಎಷ್ಟು ಗಟ್ಟಿಯೆಂಬ ವರದಿಯನ್ನು ಅಲ್ಲಿನ ನರತುದಿಗಳು ಕ್ಷಣಕ್ಷಣಕ್ಕೂ ಮೆದುಳಿಗೆ ಕಳುಹಿಸುತ್ತಿರುತ್ತವೆ. ಹಲ್ಲು ಹೋದರೆ ಈ ವರದಿಯೂ ನಿಂತುಹೋಗುತ್ತದೆ. ಸೆಟ್ಟು ಕುಳಿತಿರುವುದು ಮೃದುವಾದ ವಸಡಿನ ಮೇಲೆ. ಹೆಚ್ಚು ಒತ್ತಿದರೆ ನೋವು, ಆದ್ದರಿಂದ ದವಡೆ ತಾನಾಗಿಯೇ ಹಿಂಜರಿಯುತ್ತದೆ. ಉಪಯೋಗಿಸದ ಸ್ನಾಯು ಸಣಕಲಾಗುವುದು ಶರೀರದ ನಿಯಮ. ಮುಪ್ಪಿನಲ್ಲಿ ಕೆನ್ನೆ ಗುಳಿಬೀಳುವುದಕ್ಕೆ ಹಲ್ಲಿನ ಅಭಾವ ಅರ್ಧ ಕಾರಣವಾದರೆ, ಅಗಿಯುವ ಸ್ನಾಯು ಕರಗಿರುವುದು ಮಿಕ್ಕರ್ಧ ಎಂದರೆ ತಪ್ಪಾಗಲಾರದು.

ಇನ್ನು ಶರೀರದ ಇತರ ಭಾಗಗಳ ಮಾತು. ವಯಸ್ಸಾದಂತೆ ಸ್ನಾಯುಗಳ ಗಾತ್ರವೂ ಬಲವೂ ಕುಂದುವ ಸ್ಥಿತಿಗೆ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ 1989ರಲ್ಲಿ ‘ಸಾರ್ಕೊಪೀನಿಯ’ ಎಂಬ ಹೆಸರು ಕೊಟ್ಟರು. ಅದುವರೆಗೆ ಇದಕ್ಕೊಂದು ಹೆಸರೇ ಇರಲಿಲ್ಲವೆಂಬುದು ಗಮನಾರ್ಹ. ಹೆಸರಿಲ್ಲದ ಕಾಯಿಲೆಗೆ ಔಷಧ ಹುಡುಕುವವರೂ ಇರುವುದಿಲ್ಲ. ಇದನ್ನು ಗುರುತಿಸಲು ಎಲ್ಲಕ್ಕಿಂತ ಸುಲಭವಾದ ಅಳತೆ ಕೈಯ ಹಿಡಿತ. ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1,40,000 ಜನರನ್ನು ಒಳಗೊಂಡು 2015ರಲ್ಲಿ ಪ್ರಕಟವಾದ ‘ಪ್ಯೂರ್’ ಅಧ್ಯಯನದಲ್ಲಿ, ಹಿಡಿತದ ಬಲ 5 ಕಿಲೋಗ್ರಾಂ ಕಡಿಮೆಯಾದಂತೆಲ್ಲ ಮರಣದ ಸಂಭವ ಶೇಕಡಾ 16ರಷ್ಟು ಹೆಚ್ಚಿರುವುದು ಕಂಡುಬಂತು. ಏಷ್ಯದ ತಜ್ಞರ ಸಮಿತಿಯೊಂದು 2019ರಲ್ಲಿ ಸ್ತ್ರೀಯರಿಗೆ 18 ಕಿಲೋಗ್ರಾಂ, ಪುರುಷರಿಗೆ 28 ಕಿಲೋಗ್ರಾಂ ಎಂದು ಹಿಡಿತದ ಗಡಿಯನ್ನು ಗೊತ್ತುಮಾಡಿದೆ. ಅದಕ್ಕಿಂತ ಕೆಳಗಿಳಿದವರನ್ನು ಕೂಲಂಕಷವಾಗಿ ಪರೀಕ್ಷಿಸಬೇಕು.

ಕೈಯ ಹಿಡಿತಕ್ಕೂ ದವಡೆಯ ಹಿಡಿತಕ್ಕೂ ಏನು ನಂಟು? ಮ್ಯಾಸೆಟರ್ ಸಹ ತೊಡೆಯ ಅಥವಾ ಮುಂಗೈಯ ಸ್ನಾಯುವಿನಂತೆಯೇ ಒಂದು ಸ್ನಾಯು. ಒಂದೇ ರಕ್ತ, ಒಂದೇ ಆಹಾರ, ಒಂದೇ ಮುಪ್ಪು ಅದಕ್ಕೂ ತಾಗಿರುತ್ತದೆ. ಚೆನ್ನಾಗಿ ಅಗಿಯಬಲ್ಲ ವೃದ್ಧರು ಒಂಟಿಕಾಲಿನ ಮೇಲೆ ಹೆಚ್ಚು ಹೊತ್ತು ನಿಲ್ಲಬಲ್ಲರು, ಅವರ ಕಾಲುಗಳಲ್ಲಿ ಹೆಚ್ಚು ಬಲವಿರುತ್ತದೆ ಎಂಬುದನ್ನು ಜಪಾನಿನ ಸಂಶೋಧಕರು 80 ವರ್ಷದವರಲ್ಲಿಯೇ ಪರೀಕ್ಷಿಸಿ ತೋರಿಸಿದ್ದಾರೆ. ಟೋಕಿಯೋ ಸಮೀಪದ ಕಾಶಿವಾ ನಗರದ ಸುಮಾರು 2,000 ವೃದ್ಧರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಲ್ಲಿನ ಸಂಖ್ಯೆ, ಅಗಿಯುವ ಶಕ್ತಿ, ನಾಲಿಗೆಯ ಒತ್ತಡ ಮೊದಲಾದ ಆರು ಅಂಶಗಳಲ್ಲಿ ಮೂರು ಅಥವಾ ಹೆಚ್ಚು ಅಂಶಗಳಲ್ಲಿ ಹಿಂದೆ ಬಿದ್ದವರಿಗೆ ಮುಂದಿನ ವರ್ಷಗಳಲ್ಲಿ ದೇಹದೌರ್ಬಲ್ಯ, ಸ್ನಾಯುಕ್ಷಯ, ಪರಾವಲಂಬನೆ, ಮರಣ ಇವೆಲ್ಲವೂ ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿ ಸಂಭವಿಸಿದ್ದನ್ನು ಅದು ದಾಖಲಿಸಿತು. ಬಾಯಿಯ ದೌರ್ಬಲ್ಯ ಮೊದಲು, ಉಳಿದದ್ದು ಆಮೇಲೆ ಎಂಬ ಈ ಕ್ರಮವೇ ಇಲ್ಲಿನ ಮುಖ್ಯ ಸಂಗತಿ.

ಸ್ತ್ರೀಯರಿಗೇ ಇದು ಹೆಚ್ಚು ಅನ್ವಯಿಸಲು ಕಾರಣಗಳಿವೆ. ಯೌವನದಲ್ಲಿಯೇ ಅವರ ಸ್ನಾಯುಗಳ ಮೂಲಧನ ಪುರುಷರಿಗಿಂತ ಕಡಿಮೆ. ಮುಟ್ಟು ನಿಂತ ಮೇಲೆ ಮೂಳೆಯೂ ಸ್ನಾಯುವೂ ವೇಗವಾಗಿ ಸವೆಯುತ್ತವೆ. ಆಯುಸ್ಸು ಮಾತ್ರ ಹೆಚ್ಚು. ಕಡಿಮೆ ಠೇವಣಿಯ ಖಾತೆಯಿಂದ ಹೆಚ್ಚು ವರ್ಷ ಹಣ ತೆಗೆಯುತ್ತಾ ಹೋದರೆ ಏನಾಗುವುದೋ ಅದೇ ಇಲ್ಲಿಯೂ ಆಗುತ್ತದೆ. ಇದು ಪ್ರಕೃತಿಯ ಪಾಲು. ಸಮಾಜದ ಪಾಲೂ ಸಣ್ಣದಲ್ಲ. ಎಲ್ಲರ ಊಟವಾದ ಮೇಲೆ ಉಳಿದುದನ್ನು ಉಣ್ಣುವ ಪದ್ಧತಿಯಲ್ಲಿ ಬೆಳೆದ ಹೆಂಗಸು ಹಲ್ಲುನೋವನ್ನು ಮನೆಯ ಖರ್ಚಿನ ಬಾಬ್ತು ಎಂದು ಎಣಿಸಿ ಲವಂಗವನ್ನು ಒತ್ತಿಕೊಂಡು ಸುಮ್ಮನಿರುತ್ತಾಳೆ. ಕೊನೆಗೆ ನೋವು ತಾಳಲಾರದೆ ಹೋದಾಗ ಹಲ್ಲನ್ನು ಕೀಳಿಸುವುದೊಂದೇ ದಾರಿಯಾಗಿ ಉಳಿದಿರುತ್ತದೆ. ಒಂದೊಂದು ಹೆರಿಗೆಗೆ ಒಂದೊಂದು ಹಲ್ಲು ಹೋಗುವುದು ಸಹಜವೆಂಬ ನಂಬಿಕೆಯೂ ಹಳಬರಲ್ಲಿತ್ತು. ಗರ್ಭದ ಶಿಶು ತಾಯಿಯ ಹಲ್ಲಿನಿಂದ ಸುಣ್ಣವನ್ನು ಕರಗಿಸಿಕೊಳ್ಳುವುದಿಲ್ಲ. ಆ ಕಾಲದಲ್ಲಿ ವಸಡು ಊದಿಕೊಳ್ಳುವುದು, ವಾಂತಿಯ ಆಮ್ಲ ತಾಗುವುದು, ಹಲ್ಲಿನ ಆರೈಕೆ ತಪ್ಪುವುದು ನಿಜವಾದ ಕಾರಣಗಳು.

ಇದರ ಮೇಲೆ ಎಲೆ, ಅಡಿಕೆ, ತಂಬಾಕು. ಹಲ್ಲು ಹೋದ ಅಜ್ಜಿಯ ಮಗ್ಗುಲಲ್ಲಿ ಎಲೆಯಡಿಕೆ ಕುಟ್ಟುವ ಕುಟ್ಟಾಣಿ ಇರುವುದು ಒಂದು ಕಾಲಕ್ಕೆ ಕನ್ನಡ ಮನೆಗಳ ಸಾಮಾನ್ಯ ದೃಶ್ಯ. ಹಲ್ಲನ್ನು ಹಾಳುಗೆಡಹಿದ ವಸ್ತುವನ್ನೇ ಹಲ್ಲು ಹೋದ ಮೇಲೂ ಕುಟ್ಟಿ ತಿನ್ನುವ ಈ ನಿಷ್ಠೆಗೆ ಏನೆನ್ನಬೇಕೋ ತಿಳಿಯದು. ಅಡಿಕೆಯನ್ನು ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಅಂಗವು 2004ರಲ್ಲಿಯೇ ವರ್ಗೀಕರಿಸಿದೆ. ದೀರ್ಘಕಾಲ ಅಡಿಕೆ ಅಗಿಯುವವರಲ್ಲಿ ಕೆನ್ನೆಯ ಒಳಪೊರೆ ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗುವ ಕಾಯಿಲೆಯೂ ಉಂಟು. ಕಡ್ಡಿಪುಡಿ ಸೇರಿದರೆ ವಸಡಿಗೆ ಆಗುವ ಹಾನಿ ಇನ್ನೂ ಹೆಚ್ಚು.

ಬುದ್ಧಿಶಕ್ತಿಯೊಡನೆ ಅಗಿಯುವಿಕೆಗೆ ಸಂಬಂಧವಿದೆಯೆಂದರೆ ಮೊದಲ ಸಲ ಕೇಳುವವರಿಗೆ ನಗು ಬರಬಹುದು. ಜಪಾನಿನ ಒಸಾಕಾ ವಿಶ್ವವಿದ್ಯಾಲಯದವರು 70, 80 ಮತ್ತು 90ರ ಆಸುಪಾಸಿನ ವೃದ್ಧರನ್ನು ಕುರಿತು ‘ಸಾನಿಕ್’ ಎಂಬ ದೀರ್ಘಾವಧಿಯ ಅಧ್ಯಯನವನ್ನು ನಡೆಸುತ್ತ ಬಂದಿದ್ದಾರೆ. ಕಚ್ಚುವ ಬಲ ಹೆಚ್ಚಿದ್ದವರು ಸ್ಮರಣೆ, ಗಮನ, ಆಲೋಚನೆಗಳ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದುದನ್ನು ಅವರು ಕಂಡರು. ಈ ಸಂಬಂಧ ಭಾಗಶಃ ಆಹಾರದ ಮೂಲಕ, ಭಾಗಶಃ ನೇರವಾಗಿಯೇ ಇರುವಂತೆ ತೋರಿತು. ಸ್ವೀಡನ್ನಿನಲ್ಲಿ 77 ವರ್ಷ ಮೀರಿದ 557 ಜನರನ್ನು ಪರಿಶೀಲಿಸಿದ 2012ರ ಅಧ್ಯಯನದಲ್ಲಿ, ಸೇಬಿನಂಥ ಗಟ್ಟಿ ಪದಾರ್ಥವನ್ನು ಅಗಿಯಲಾರದವರಲ್ಲಿ ಬುದ್ಧಿಮಾಂದ್ಯದ ಲಕ್ಷಣಗಳು ಹೆಚ್ಚಾಗಿದ್ದವು. ಅಗಿಯುತ್ತಿದ್ದುದು ಸ್ವಂತ ಹಲ್ಲಿನಿಂದಲೋ ಕಟ್ಟಿಸಿದ ಹಲ್ಲಿನಿಂದಲೋ ಎಂಬುದು ಅಲ್ಲಿ ಮುಖ್ಯವಾಗಲಿಲ್ಲ. ಅಗಿಯಬಲ್ಲರೇ ಇಲ್ಲವೇ ಎಂಬುದಷ್ಟೇ ಮುಖ್ಯವಾಯಿತು. ಹಲ್ಲು ಕಟ್ಟಿಸುವುದರಿಂದ ಪ್ರಯೋಜನವೇನು ಎಂದು ನಿರಾಶರಾಗುವವರು ಇದನ್ನು ಗಮನಿಸಬೇಕು.

ಕಾರಣ ಹುಡುಕಿದವರು ಇಲಿಗಳ ಮೇಲೆ ಪ್ರಯೋಗ ನಡೆಸಿದರು. ದವಡೆ ಹಲ್ಲು ಕಳೆದ ಅಥವಾ ಮೆತ್ತನೆಯ ಆಹಾರವನ್ನೇ ತಿಂದು ಬೆಳೆದ ಇಲಿಗಳು ದಾರಿಯನ್ನು ನೆನಪಿಟ್ಟುಕೊಳ್ಳುವ ಪರೀಕ್ಷೆಗಳಲ್ಲಿ ಹಿಂದೆ ಬಿದ್ದವು. ಮೆದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಜೀವಕೋಶಗಳ ಹಾನಿ ಕಂಡುಬಂತು. ಮನುಷ್ಯರಲ್ಲಿಯೂ ಅಗಿಯುವಾಗ ಮೆದುಳಿನ ಕೆಲವು ಭಾಗಗಳಿಗೆ ರಕ್ತಸಂಚಾರ ಹೆಚ್ಚುತ್ತದೆ. ಹಾಗೆಂದ ಮಾತ್ರಕ್ಕೆ ಕಡಲೆ ಅಗಿದರೆ ಮರೆವು ಬರುವುದಿಲ್ಲವೆಂದು ಯಾರೂ ಭಾವಿಸಬಾರದು. ಎರಡು ಸಂಗತಿಗಳು ಜೊತೆಯಲ್ಲಿ ಕಂಡ ಕೂಡಲೇ ಒಂದು ಇನ್ನೊಂದಕ್ಕೆ ಕಾರಣವೆನ್ನಲು ಬಾರದು. ಮರೆವು ಆರಂಭವಾದವರು ಹಲ್ಲುಜ್ಜುವುದನ್ನೇ ಮರೆತು ಹಲ್ಲು ಕಳೆದುಕೊಳ್ಳುವುದೂ ಉಂಟು. ಬಡತನ ಮತ್ತು ಅನಕ್ಷರತೆಗಳು ಹಲ್ಲನ್ನೂ ಪರೀಕ್ಷೆಯ ಅಂಕಗಳನ್ನೂ ಒಟ್ಟಿಗೇ ತಿನ್ನುತ್ತವೆ. ಮರೆಗುಳಿ ರೋಗವನ್ನು ಕುರಿತ ಲ್ಯಾನ್ಸೆಟ್ ಆಯೋಗವು 2024ರಲ್ಲಿ ತಿದ್ದಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಶಿಕ್ಷಣದ ಅಭಾವ, ಕಿವುಡು, ರಕ್ತದೊತ್ತಡ, ಮಧುಮೇಹ, ಒಂಟಿತನ ಮೊದಲಾದವು ಅದರಲ್ಲಿವೆ, ಹಲ್ಲಿನ ಅಭಾವ ಅದರಲ್ಲಿಲ್ಲ. ಆದುದರಿಂದ ಸದ್ಯಕ್ಕೆ ಕಚ್ಚುವ ಬಲವನ್ನು ಅಪಾಯದ ದೀಪವೆಂದು ಎಣಿಸುವುದು ಯುಕ್ತ. ದೀಪ ಹೊತ್ತಿದಾಗ ಯಂತ್ರವನ್ನು ನೋಡಬೇಕು. ಭಾರತದಲ್ಲಿ 60 ದಾಟಿದವರ ಪೈಕಿ ಶೇಕಡಾ 7.4ರಷ್ಟು ಜನರಿಗೆ ಮರೆಗುಳಿ ರೋಗವಿದೆಯೆಂದೂ, ಸ್ತ್ರೀಯರಲ್ಲಿ ಅದು ಶೇಕಡಾ 9, ಪುರುಷರಲ್ಲಿ 5.8 ಎಂದೂ ರಾಷ್ಟ್ರಮಟ್ಟದ ಅಧ್ಯಯನವೊಂದು 2023ರಲ್ಲಿ ಅಂದಾಜು ಮಾಡಿರುವಾಗ ಯಾವ ದೀಪವನ್ನೂ ಅಲಕ್ಷಿಸುವುದು ಜಾಣತನವಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಗ್ರಾಮಗಳಲ್ಲಿ 45 ದಾಟಿದವರ ಬುದ್ಧಿಶಕ್ತಿಯ ಏರಿಳಿತವನ್ನು ದೀರ್ಘಕಾಲ ಗಮನಿಸುವ ಅಧ್ಯಯನವೊಂದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೈಗೊಂಡಿರುವುದು ಕನ್ನಡಿಗರಿಗೆ ಸಮಾಧಾನದ ವಿಷಯ.

ಹೀಗಿರುವಲ್ಲಿ ಅಡುಗೆಮನೆಯ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ತೂಗುವ ಅಜ್ಜಿಗೆ ಇದು ಸುಮಾರು 42 ಗ್ರಾಂ. ಹಲ್ಲಿಲ್ಲವೆಂದು ಮನೆಯವರು ಪ್ರೀತಿಯಿಂದ ಮಾಡಿಕೊಡುವುದು ಗಂಜಿ. ಒಂದು ಬಟ್ಟಲು ಗಂಜಿಗೆ 30 ಗ್ರಾಂ ಅಕ್ಕಿ ಹಾಕಿದರೆ ಅದರಲ್ಲಿರುವ ಪ್ರೋಟೀನ್ ಎರಡೂವರೆ ಗ್ರಾಮಿಗಿಂತ ತುಸು ಕಡಿಮೆ. ದಿನಕ್ಕೆ ಮೂರು ಬಟ್ಟಲಾದರೂ ಜಮೆಯಾಗುವುದು ಏಳು ಗ್ರಾಂ. ಖರ್ಚಿನ ಕಡೆ 42. ಈ ಕೊರತೆಯನ್ನು ಶರೀರ ತನ್ನ ಸ್ನಾಯುಗಳನ್ನೇ ಕರಗಿಸಿ ತುಂಬಿಕೊಳ್ಳುತ್ತದೆ. ತೊಡೆಯೂ ಕರಗುತ್ತದೆ, ದವಡೆಯೂ ಕರಗುತ್ತದೆ. ದವಡೆ ಕರಗಿದಷ್ಟೂ ಆಹಾರ ಇನ್ನಷ್ಟು ಮೆತ್ತಗಾಗುತ್ತದೆ. ಪ್ರೀತಿಯಿಂದ ಆರಂಭವಾದ ಗಂಜಿ ಈ ರೀತಿ ದುರ್ಬಲತೆಯ ಸುಳಿಯಾಗಿ ಪರಿಣಮಿಸುತ್ತದೆ.

ಇದಕ್ಕೆ ಪರಿಹಾರ ದೂರದಲ್ಲಿಲ್ಲ. ಉತ್ತರ ಕರ್ನಾಟಕದ ಅಡುಗೆಯಲ್ಲಿ ಮೆತ್ತಗಿದ್ದೂ ಸತ್ತ್ವಯುತವಾದ ಪದಾರ್ಥಗಳು ಹೇರಳವಾಗಿವೆ. ಖಡಕ್ ರೊಟ್ಟಿಯನ್ನು ಮುರಿಯಲಾರದ ಅಜ್ಜಿ ಹಂಚಿನಿಂದ ಆಗತಾನೆ ಇಳಿಸಿದ ಬಿಸಿ ರೊಟ್ಟಿಯನ್ನು ಉಣ್ಣಬಲ್ಲಳು. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಐದು ಗ್ರಾಂ ಪ್ರೋಟೀನ್ ಉಂಟು. 40 ಗ್ರಾಂ ಕಡಲೆಹಿಟ್ಟಿನ ಝುಣಕದಲ್ಲಿ ಎಂಟೂವರೆ ಗ್ರಾಂ. 20 ಗ್ರಾಂ ಶೇಂಗಾವನ್ನು ಹುರಿದು ಕುಟ್ಟಿದ ಹಿಂಡಿಯನ್ನು ಮೊಸರಿನಲ್ಲಿ ಕಲಸಿಕೊಟ್ಟರೆ ಹಿಂಡಿಯಿಂದಲೇ ಸುಮಾರು ಐದು ಗ್ರಾಂ. ಎರಡು ರೊಟ್ಟಿಯೊಂದಿಗೆ ಇವು ಸೇರಿದರೆ ಒಂದೇ ಊಟದಲ್ಲಿ ದಿನದ ಅವಶ್ಯಕತೆಯ ಅರ್ಧಕ್ಕಿಂತ ಹೆಚ್ಚು ಪೂರೈಸುತ್ತದೆ. ಹಲ್ಲಿಲ್ಲದಾಗಲೂ ಕಡಲೆಯನ್ನು ಉಣ್ಣುವ ಉಪಾಯವನ್ನು ಗಾದೆ ಕಟ್ಟಿದವರು ಮರೆತಿದ್ದರೂ ಝುಣಕ ಮಾಡಿದವರು ಮರೆತಿರಲಿಲ್ಲ. ಮೊಳಕೆ ಬಂದ ಹೆಸರುಕಾಳನ್ನು ಚೆನ್ನಾಗಿ ಬೇಯಿಸಿದ ಉಸುಳಿ, ಹಾಲು, ರೂಢಿಯಿದ್ದವರಿಗೆ ಮೊಟ್ಟೆ ಇವೂ ಆಗಬಹುದು. ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ಪ್ರೋಟೀನಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ನಿರ್ಧರಿಸಬೇಕು. ಪೇಟೆಯಲ್ಲಿ ಡಬ್ಬಿಗಳಲ್ಲಿ ಸಿಗುವ ಪ್ರೋಟೀನ್ ಪುಡಿಗಳ ಸಹವಾಸ ಬೇಡವೆಂದು ಪೋಷಣ ಸಂಸ್ಥೆಯೇ 2024ರ ತನ್ನ ಮಾರ್ಗಸೂಚಿಯಲ್ಲಿ ಎಚ್ಚರಿಸಿದೆ.

ಎಲ್ಲವನ್ನೂ ರುಬ್ಬಿ ಕೊಡುವುದೂ ಸರಿಯಲ್ಲ. ಬಾಯಿಯಲ್ಲಿ ಕೆಲಸವಿರುವವರೆಗೆ ಸ್ನಾಯು ಉಳಿಯುತ್ತದೆ. ಆದ್ದರಿಂದ ಅಗಿಯಬಲ್ಲಷ್ಟನ್ನು ಅಗಿಯಲು ಬಿಡಬೇಕು. ನುಂಗುವಾಗ ಕೆಮ್ಮು ಬರುವುದು, ಗಂಟಲಲ್ಲಿ ಸಿಕ್ಕುವುದು ಮೊದಲಾದ ತೊಂದರೆಯಿದ್ದಲ್ಲಿ ಮಾತ್ರ ವೈದ್ಯರ ಸಲಹೆಯಂತೆ ಮೆದು ಆಹಾರಕ್ಕೆ ಇಳಿಯಬೇಕು.

ಪಟಾನ್‌ಚೆರು, ರಾಮಚಂದ್ರಾಪುರದಂಥ ಕಡೆಗಳಲ್ಲಿ ಇನ್ನೊಂದು ತೊಡಕಿದೆ. ಮಗನ ಮನೆಗೆಂದು ಭಾಲ್ಕಿಯಿಂದಲೋ ಆಳಂದದಿಂದಲೋ ಬಂದ ತಾಯಿಗೆ ಇಲ್ಲಿನ ತೆಲುಗು ಬಾರದು. ಊರಿನಲ್ಲಿ ಕಟ್ಟೆಯ ಮೇಲೆ ಕುಳಿತು ಹತ್ತು ಜನರೊಡನೆ ಮಾತನಾಡುತ್ತಿದ್ದವಳಿಗೆ ಇಲ್ಲಿ ಮಾತಿಗೆ ಸಿಕ್ಕುವುದು ಮನೆಮಂದಿ ಮಾತ್ರ. ಅವರೂ ಸಂಜೆಯವರೆಗೆ ಕೆಲಸದಲ್ಲಿರುತ್ತಾರೆ. ಮುಂದಿನ ಹಲ್ಲು ಹೋದ ಮೇಲೆ ಮಾತು ತೊದಲುತ್ತದೆ, ಮೊಮ್ಮಕ್ಕಳು ನಗುತ್ತಾರೆ, ಅತಿಥಿಗಳೆದುರು ಊಟಕ್ಕೆ ಕೂರಲು ಸಂಕೋಚ. ಕ್ರಮೇಣ ಅವಳು ಒಳಕೋಣೆಯಲ್ಲಿ ಒಬ್ಬಳೇ ಉಣ್ಣುತ್ತಾಳೆ. ಮೊದಲೇ ಮಾತು ಕಡಿಮೆಯಾದವಳಲ್ಲಿ ಮರೆವು ಆರಂಭವಾದರೆ ಅದು ಮನೆಯವರಿಗೆ ತಿಳಿಯುವುದೂ ತಡವಾಗಿಯೇ. ‘ಅವ್ವನ ಸ್ವಭಾವವೇ ಹಾಗೆ, ಈಗ ಸುಮ್ಮನಿರುತ್ತಾಳೆ’ ಎಂದುಕೊಳ್ಳುತ್ತಾರೆ. ಒಂಟಿತನ ಲ್ಯಾನ್ಸೆಟ್ ಆಯೋಗದ ಪಟ್ಟಿಯಲ್ಲಿರುವುದನ್ನು ಇಲ್ಲಿ ನೆನೆಯಬಹುದು. ಅಂದರೆ ಹಲ್ಲು ಆ ಪಟ್ಟಿಯಲ್ಲಿ ಇಲ್ಲದಿದ್ದರೂ, ಹಲ್ಲು ಹೋದುದರ ಫಲ ಅದರಲ್ಲಿ ಇದ್ದೇ ಇದೆ.

ಮನೆಯಲ್ಲಿಯೇ ಯಾವ ಉಪಕರಣವೂ ಇಲ್ಲದೆ ಕೆಲವು ಪರೀಕ್ಷೆಗಳನ್ನು ಮಾಡಬಹುದು. ಹುರಿಗಡಲೆ, ಹಸಿ ಗಜ್ಜರಿ, ಪೇರಲಹಣ್ಣು ಇವುಗಳಲ್ಲಿ ಹಿಂದಿನ ವರ್ಷ ತಿನ್ನುತ್ತಿದ್ದುದನ್ನು ಈ ವರ್ಷ ಬಿಟ್ಟಿದ್ದಾರೆಯೇ ಎಂಬುದು ಮೊದಲನೆಯದು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡುಗಳೋ ಅದಕ್ಕಿಂತ ಹೆಚ್ಚೋ ಬೇಕಾದರೆ, ಅಥವಾ ಆರು ಮೀಟರ್ ದೂರವನ್ನು ತಮ್ಮ ಎಂದಿನ ನಡಿಗೆಯಲ್ಲಿ ಆರು ಸೆಕೆಂಡುಗಳೊಳಗೆ ದಾಟಲಾಗದಿದ್ದರೆ ಕಾಲಿನ ಬಲ ಕುಂದಿದೆಯೆಂದು ಏಷ್ಯದ ಸಮಿತಿಯ ಮಾನದಂಡ ಹೇಳುತ್ತದೆ. ಬೀಳದಂತೆ ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ನಾಲಿಗೆ ಮತ್ತು ತುಟಿಗಳ ಚುರುಕನ್ನು ತಿಳಿಯಲು ಜಪಾನಿನಲ್ಲಿ ಪ, ತ, ಕ ಎಂಬ ಅಕ್ಷರಗಳನ್ನು ಒಂದೊಂದಾಗಿ, ಸಾಧ್ಯವಾದಷ್ಟು ವೇಗವಾಗಿ ಹೇಳಿಸುತ್ತಾರೆ. ಸೆಕೆಂಡಿಗೆ ಆರು ಸಲಕ್ಕಿಂತ ಕಡಿಮೆಯಾದರೆ ಕೊರತೆ. ಓಷ್ಠ್ಯ, ದಂತ್ಯ, ಕಂಠ್ಯ ಎಂದು ಬಾಯಿಯ ಸ್ಥಾನಗಳಿಗೆ ತಕ್ಕಂತೆ ಅಕ್ಷರಗಳನ್ನು ಜೋಡಿಸಿದ ವರ್ಣಮಾಲೆಯನ್ನು ಕಲಿತವರಿಗೆ ಈ ಮೂರು ಅಕ್ಷರಗಳನ್ನೇ ಏಕೆ ಆರಿಸಿದರೆಂಬುದನ್ನು ವಿವರಿಸಬೇಕಾಗಿಲ್ಲ. ಪರೀಕ್ಷೆಗೆಂದು ಬಳಸುವ ಈ ಉಚ್ಚಾರಣೆಯನ್ನೇ ಅಲ್ಲಿನ ವೃದ್ಧರು ಊಟಕ್ಕೆ ಮುಂಚೆ ವ್ಯಾಯಾಮವಾಗಿಯೂ ಮಾಡುತ್ತಾರೆ.

ಜಪಾನಿನ ಉದಾಹರಣೆ ಪದೇ ಪದೇ ಬರುವುದಕ್ಕೆ ಕಾರಣವಿದೆ. 80ನೆಯ ವಯಸ್ಸಿನಲ್ಲಿ 20 ಸ್ವಂತ ಹಲ್ಲುಗಳು ಎಂಬ ಗುರಿಯನ್ನಿಟ್ಟುಕೊಂಡು ಆ ದೇಶ 1989ರಲ್ಲಿ ಆಂದೋಲನವನ್ನು ಆರಂಭಿಸಿತು. ಆಗ ಆ ಗುರಿ ಮುಟ್ಟಿದವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. 2016ರ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮುಟ್ಟಿದ್ದರು. ಮುಪ್ಪಿನಲ್ಲಿ ಹಲ್ಲು ಹೋಗುವುದು ವಿಧಿಲಿಖಿತವಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ನಮ್ಮಲ್ಲಿ ಕರ್ನಾಟಕ ಸರ್ಕಾರವು 2014ರಲ್ಲಿ ‘ದಂತ ಭಾಗ್ಯ’ ಯೋಜನೆಯನ್ನು ಆರಂಭಿಸಿ, ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ದಂತವೈದ್ಯಕೀಯ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಿಸುವ ವ್ಯವಸ್ಥೆ ಮಾಡಿತು. ಹೈದರಾಬಾದಿನ ಅಫ್ಜಲ್‌ಗಂಜಿನಲ್ಲಿ ಸರ್ಕಾರಿ ದಂತವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆಯಿದ್ದು ಪಟಾನ್‌ಚೆರುವಿನವರು ಅಲ್ಲಿಗೆ ಹೋಗಿಬರಬಹುದು.

ದಂತವೈದ್ಯರ ಬಳಿಗೆ ಹೋಗುವಾಗ ಅಜ್ಜಿ ಸೇವಿಸುತ್ತಿರುವ ಎಲ್ಲ ಔಷಧಗಳ ಚೀಟಿಯನ್ನು ಕೊಂಡೊಯ್ಯಬೇಕು. ರಕ್ತದೊತ್ತಡ, ಖಿನ್ನತೆ, ಅಲರ್ಜಿಗಳಿಗೆ ಕೊಡುವ ಕೆಲವು ಮಾತ್ರೆಗಳಿಂದ ಬಾಯಿ ಒಣಗಿ, ಲಾಲಾರಸವಿಲ್ಲದೆ ಹಲ್ಲು ಬೇಗ ಹುಳುಕಾಗುತ್ತದೆ, ಸೆಟ್ಟೂ ನಿಲ್ಲುವುದಿಲ್ಲ. ಮಧುಮೇಹ ಹತೋಟಿಯಲ್ಲಿಲ್ಲದಿದ್ದರೆ ವಸಡಿನ ರೋಗ ಉಲ್ಬಣಿಸುತ್ತದೆ, ವಸಡಿನ ರೋಗವಿದ್ದರೆ ಮಧುಮೇಹ ಹತೋಟಿಗೆ ಬರುವುದು ಕಷ್ಟ. ಮೂಳೆ ಸವೆತಕ್ಕೆಂದು ಅಲೆಂಡ್ರೋನೇಟ್ ಅಥವಾ ಜೋಲೆಡ್ರೋನಿಕ್ ಆಮ್ಲದಂಥ ಔಷಧ ಪಡೆಯುತ್ತಿರುವ ಸ್ತ್ರೀಯರಲ್ಲಿ ಹಲ್ಲು ಕಿತ್ತ ಗಾಯ ಮಾಯದೆ ದವಡೆಯ ಮೂಳೆ ಕೊಳೆಯುವ ಸಂಭವ ಅಪರೂಪಕ್ಕೆ ಉಂಟು. ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ಆದರೆ ದಂತವೈದ್ಯರಿಗೆ ಮೊದಲೇ ತಿಳಿಸಲೇಬೇಕು.

ಬ್ಯಾಂಕುಗಳಿಗೆ ನವೆಂಬರ್ ತಿಂಗಳಲ್ಲಿ ಜೀವನ ಪ್ರಮಾಣಪತ್ರ ಕೊಡಲು ಬರುವ ಕುಟುಂಬ ಪಿಂಚಣಿಯ ವೃದ್ಧೆಯರನ್ನು ವರ್ಷ ವರ್ಷವೂ ನೋಡುವವರಿಗೆ ಒಂದು ಸಂಗತಿ ತಪ್ಪದೆ ಗೋಚರಿಸುತ್ತದೆ. ಸಹಿಯ ಗೆರೆ ಕಂಪಿಸತೊಡಗುತ್ತದೆ. ಲೇಖನಿಯ ಹಿಡಿತ ಸಡಿಲುತ್ತದೆ. ಬೆಂಚಿನಿಂದ ಏಳಲು ಮೊದಲು ಒಂದು ಕೈ, ಮುಂದಿನ ವರ್ಷ ಎರಡು ಕೈ ಬೇಕಾಗುತ್ತದೆ. ಕೆನ್ನೆ ಇನ್ನಷ್ಟು ಒಳಸರಿದಿರುತ್ತದೆ. ದಿನವೂ ಜೊತೆಯಲ್ಲಿರುವ ಮನೆಯವರಿಗೆ ಕಾಣದ ಬದಲಾವಣೆ ವರ್ಷಕ್ಕೊಮ್ಮೆ ನೋಡುವ ಗುಮಾಸ್ತನಿಗೆ ಕಾಣುತ್ತದೆ. ಜೀವಂತವಾಗಿರುವರೆಂದು ಸರ್ಕಾರಕ್ಕೆ ದೃಢಪಡಿಸುವ ಆ ತಿಂಗಳಲ್ಲಿಯೇ, ಅದೇ ಪ್ರಯಾಣದಲ್ಲಿ, ದಂತವೈದ್ಯರಲ್ಲಿಗೂ ಹೋಗಿಬರುವ ಏರ್ಪಾಡು ಮಾಡಿಕೊಂಡರೆ ವರ್ಷಕ್ಕೊಮ್ಮೆಯ ತಪಾಸಣೆ ತಾನಾಗಿಯೇ ನಡೆದುಹೋಗುತ್ತದೆ.

ಸೆಟ್ಟು ಮಾಡಿಸಿಕೊಂಡವರು ಮೊದಲ ಕೆಲವು ವಾರ ತಾಳ್ಮೆಯಿಂದಿರಬೇಕು. ಮುದ್ದೆ, ಬಿಸಿ ರೊಟ್ಟಿ, ಬೆಂದ ಪಲ್ಯಗಳಿಂದ ಆರಂಭಿಸಿ, ತುತ್ತನ್ನು ಚಿಕ್ಕದಾಗಿ ಮಾಡಿ ಎರಡೂ ಬದಿಯ ದವಡೆಗಳಿಂದ ಒಟ್ಟಿಗೆ ಅಗಿಯುವುದನ್ನು ರೂಢಿಸಿಕೊಳ್ಳಬೇಕು. ಒಂದೇ ಬದಿಯಿಂದ ಅಗಿದರೆ ಸೆಟ್ಟು ಏಳುತ್ತದೆ. ನೋವಾದ ಜಾಗವನ್ನು ವೈದ್ಯರು ಕೆಲವೇ ನಿಮಿಷಗಳಲ್ಲಿ ಅರೆದು ಸರಿಪಡಿಸಬಲ್ಲರು. ಆ ಒಂದು ಭೇಟಿಗೆ ಬೇಸರಪಟ್ಟು ಅದೆಷ್ಟೋ ಸೆಟ್ಟುಗಳು ಡಬ್ಬಿಯಲ್ಲಿ ಸೇರಿಹೋಗಿವೆ. ರಾತ್ರಿ ತೆಗೆದು, ಉಜ್ಜಿ ತೊಳೆದು, ನೀರಿನಲ್ಲಿಡಬೇಕು. ಹಲ್ಲಿಲ್ಲದ ದವಡೆಯ ಮೂಳೆ ವರ್ಷ ಕಳೆದಂತೆ ಸವೆಯುವುದರಿಂದ ಇಂದು ಸರಿಹೊಂದಿದ ಸೆಟ್ಟು ಕೆಲವು ವರ್ಷಗಳಲ್ಲಿ ಸಡಿಲವಾಗುತ್ತದೆ. ಆಗ ಅದರ ಒಳಮೈಗೆ ಹೊಸ ಪದರ ಹಾಕಿಸಬಹುದು, ಇಲ್ಲವೇ ಹೊಸದನ್ನೇ ಮಾಡಿಸಬೇಕಾಗುತ್ತದೆ. ಒಂದೆರಡು ಹಲ್ಲುಗಳಾದರೂ ಗಟ್ಟಿಯಾಗಿ ಉಳಿದಿದ್ದರೆ ಅವನ್ನು ಕೀಳಿಸದೆ ಆಸರೆಯಾಗಿ ಉಳಿಸಿಕೊಳ್ಳುವ ಸಾಧ್ಯತೆಯನ್ನು ವೈದ್ಯರಲ್ಲಿ ಮೊದಲು ವಿಚಾರಿಸಬೇಕು.